ಅಳತೆಗೆ ಕೊಂಡೊಯ್ದ ಫ್ಲಾಂಜು

ನನಗೆ ಅಂಕಿಗಳಲ್ಲಿ ನಂಬಿಕೆ ಕಡಿಮೆ, ಅಳತೆ ರವಿಕೆಯಲ್ಲಿ ಜಾಸ್ತಿ. ಟೇಪು ಹಿಡಿದು ಸುತ್ತಳತೆ ಬರೆದುಕೊಂಡ ದರ್ಜಿ ಹೊಲಿದ ರವಿಕೆ ಒಂದಾದರೂ ನನಗೆ ಸರಿಯಾಗಿ ಕೂತದ್ದಿಲ್ಲ. ಅದೇ ಹಳೆಯದೊಂದನ್ನು ಹೊಸ ಬಟ್ಟೆಯ ಜೊತೆ ಕೊಟ್ಟು, 'ಇದೇ ಥರ ಹೊಲೀರಿ, ತೋಳು ಮಾತ್ರ ಒಂಚೂರು ಸಡಿಲ' ಎಂದರೆ ಮುಗಿಯಿತು. ಕಟ್ಟೆಮಳಲವಾಡಿಯ ನನ್ನವ್ವನೂ ಹೀಗೇ ಮಾಡುತ್ತಿದ್ದಳು. ಅವಳ ಅಳತೆ ರವಿಕೆ ಹುಣಸೂರಿನ ದರ್ಜಿಯ ಬಳಿ ಎಷ್ಟು ಕಾಲ ಉಳಿದುಬಿಟ್ಟಿತೆಂದರೆ, ಕೊನೆಗೆ ಅವನ ಹೆಂಡತಿಯೇ ಅದನ್ನು ತೊಟ್ಟುಕೊಂಡು ಒಂದು ಮದುವೆಗೆ ಬಂದು ಅವ್ವನ ಪಕ್ಕದಲ್ಲೇ ಊಟಕ್ಕೆ ಕೂತಳು. ಅಷ್ಟಾದರೂ ಅವ್ವನ ನಂಬಿಕೆ ಅಲುಗಲಿಲ್ಲ. ನನ್ನದೂ ಅಲುಗಿರಲಿಲ್ಲ, ಹೋದ ತಿಂಗಳವರೆಗೆ.

ಕೆ.ಆರ್. ನಗರದಲ್ಲಿ ನನ್ನ ಗಂಡನ ಮನೆಯವರದು ರೈಸ್ ಮಿಲ್ಲು, ಮನೆಗೆ ಅಂಟಿಕೊಂಡೇ ಇದೆ. ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕಿ, ಬಾಯ್ಲರಿನ ಸ್ಟೀಮ್ ಕೊಟ್ಟು ಬೇಯಿಸಿ, ಒಣಗಿಸಿ ಕುಸುಬಲಕ್ಕಿ ಮಾಡುತ್ತೇವೆ. ಅದು ಲಾರಿಯಲ್ಲಿ ಹ್ಯಾಂಡ್‌ಪೋಸ್ಟ್ ಊರು ದಾಟಿ ಕೇರಳದ ಮಾನಂದವಾಡಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ಅತ್ತೆಯವರ ಪ್ರಕಾರ ಅದು ಜ್ವರ ಬಂದವರಿಗೂ ಕೊಡಬಾರದ ಪದಾರ್ಥ. ಮಾವನವರು ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಆಫೀಸಿನ ಕುರ್ಚಿ ನನಗೆ ಬಂತು. ಗಂಡನಿಗೆ ಯಾಕೆ ಬರಲಿಲ್ಲ ಎಂದರೆ, ಅವರು ಯಾರು ಏನು ಹೇಳಿದರೂ 'ಆಗಲಿ' ಅನ್ನುವ ಮನುಷ್ಯ. ನನ್ನನ್ನು ನೋಡಲು ಬಂದಾಗಲೂ ಅವರು ಆಡಿದ್ದು ಅದೊಂದೇ ಮಾತು. ನಾನೂ ಅದನ್ನು ಗಾಂಭೀರ್ಯ ಅಂದುಕೊಂಡೆ.

ಅವತ್ತು ಶನಿವಾರ. ತೊಟ್ಟಿಯ ತುಂಬ ಭತ್ತ ನೆನೆದು ಸ್ಟೀಮಿಗೆ ಕಾಯುತ್ತಿತ್ತು. ಆಗಲೇ ಸ್ಟೀಮ್ ಪೈಪು ವಾಲ್ವಿನ ಹತ್ತಿರ ಬುಸ್ಸೆಂದು ಸೋರತೊಡಗಿತು. ಫಿಟ್ಟರ್ ಜವರಪ್ಪ ಬಿಚ್ಚಿ ನೋಡಿ, ವಾಲ್ವೂ ಹೋಗಿದೆ, ಫ್ಲಾಂಜೂ ಹೋಗಿದೆ ಎಂದ. ಫ್ಲಾಂಜು ಎಂದರೆ ಮತ್ತೇನಲ್ಲ, ಪೈಪಿನ ತುದಿಗೆ ಬೆಸೆಯುವ ಕಬ್ಬಿಣದ ಬಿಲ್ಲೆ. ಸುತ್ತ ತೂತುಗಳಿರುತ್ತವೆ. ಅದನ್ನೂ ವಾಲ್ವನ್ನೂ ಎದುರುಬದುರು ಇಟ್ಟು ಬೋಲ್ಟು ಬಿಗಿಯುತ್ತಾರೆ. ಹೊಸ ವಾಲ್ವು ಸ್ಟೋರಿನಲ್ಲೇ ಇತ್ತು. ಫ್ಲಾಂಜು ಮಾತ್ರ ತರಬೇಕಿತ್ತು. ತಡವಾದರೆ ತೊಟ್ಟಿಯ ಭತ್ತ ಹುಳಿತು ನಾರುತ್ತದೆ, ನಾರಿದರೆ ಕೇರಳದವರು ಮುಟ್ಟುವುದಿಲ್ಲ. ಕುರ್ಚಿಗೆ ಬಂದ ಮೇಲೆ ನಾನೊಬ್ಬಳೇ ಮಾಡುವ ಮೊದಲ ಕಬ್ಬಿಣದ ಖರೀದಿ ಬೇರೆ. "ನಾನೂ ಬರ್ಲೇನವ್ವ?" ಎಂದರು ಮಾವ, ಮಂಡಿ ನೀವಿಕೊಳ್ಳುತ್ತಾ. "ನೀವ್ ಆರಾಮಾಗಿರಿ ಮಾವ" ಎಂದು ಹೇಳಿ, ಜವರಪ್ಪ ಕತ್ತರಿಸಿ ತೆಗೆದ ಹಳೆಯ ಫ್ಲಾಂಜನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು, ಕಾರು ಓಡಿಸಲು ಮಾತ್ರ ಗಂಡನನ್ನು ಕರೆದುಕೊಂಡು ಮೈಸೂರಿಗೆ ಹೊರಟೆ.

ಅಂಗಡಿಯವನು ಒಂದು ಕಿವಿಗೆ ಫೋನು ಸಿಕ್ಕಿಸಿಕೊಂಡೇ, "ಯಾವ ಸ್ಟ್ಯಾಂಡರ್ಡು ಮೇಡಂ? ಅಮೆರಿಕದ್ದಾ, ಇಂಗ್ಲಿಷಿನದಾ, ಜರ್ಮನ್ನಾ?" ಎಂದು ಕೇಳಿದ. ಮೂರಿಂಚಿನ ಒಂದು ಪೈಪಿಗೆ ಇಷ್ಟು ದೇಶಗಳು ಕಿತ್ತಾಡುತ್ತವೆ ಎಂದು ನನಗೇನು ಗೊತ್ತು? ಆದರೂ ಅಳುಕಲಿಲ್ಲ. "ಅಳತೆ ತಂದಿದ್ದೀನಿ" ಎಂದು ಜಂಬದಿಂದ ಚೀಲ ಬಿಚ್ಚಿದೆ. ಎಂಟು ತೂತಿನ ಜರ್ಮನ್ನು ನೋಡಿದ ತಕ್ಷಣವೇ ಬಿದ್ದುಹೋಯಿತು. ಉಳಿದ ಎರಡಕ್ಕೂ ನಾಲ್ಕೇ ತೂತು. ಅವನು ಒಂದೊಂದನ್ನೇ ನನ್ನ ತುಕ್ಕು ಹಿಡಿದ ಫ್ಲಾಂಜಿನ ಮೇಲಿಟ್ಟು ಬೋಲ್ಟು ತೂರಿಸಿದ. ಅಮೆರಿಕದ್ದೂ ಕೂತಿತು, ಇಂಗ್ಲಿಷಿನದೂ ಕೂತಿತು. "ಎರಡೂ ಆಗ್ತದಲ್ಲ ಮೇಡಂ, ಯಾವುದು ಕೊಡ್ಲಿ?" ಎಂದ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸೀರೆ ಅಂಗಡಿಯಲ್ಲಿ ಮಾಡುವಂತೆ ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ, ಹೆಚ್ಚು ಮಿರಿಮಿರಿ ಮಿಂಚುತ್ತಿದ್ದ ಇಂಗ್ಲಿಷಿನದನ್ನು ಆರಿಸಿದೆ. ವಾಪಸು ದಾರಿಯುದ್ದಕ್ಕೂ ಗಂಡನಿಗೆ ಸ್ಟ್ಯಾಂಡರ್ಡಿನ ಮಹತ್ವದ ಬಗ್ಗೆ ಉಪನ್ಯಾಸ ಕೊಟ್ಟೆ. ಅವರು ಕಾರು ಓಡಿಸುತ್ತಾ 'ಆಗಲಿ' ಎಂದರು.

ಸಂಜೆ ಜವರಪ್ಪ ಬೆಸೆಯುವ ಮುಂಚೆ ಹೊಸ ಫ್ಲಾಂಜನ್ನು ಹೊಸ ವಾಲ್ವಿಗೆ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ. "ಅಕ್ಕೋರೆ, ಒಂದು ಬೋಲ್ಟು ಓಯ್ತದೆ, ಎದುರುಗಡೇದು ಮೊಕ ತಿರುಗಿಸ್ಕತದೆ." ತೂತಿಗೂ ತೂತಿಗೂ ಉಗುರಿನಷ್ಟು ವ್ಯತ್ಯಾಸ! "ಅಳತೆ ನೋಡೇ ತಂದಿದ್ದು ಕಣಪ್ಪ, ವಾಲ್ವೇ ಸರಿಯಿಲ್ಲ" ಎಂದು ನಾನು ವಾದಕ್ಕಿಳಿದೆ. ಅಷ್ಟರಲ್ಲಿ ಕೋಲೂರಿಕೊಂಡು ಬಂದಿದ್ದ ಮಾವ ಸಮಾಧಾನವಾಗಿ, "ಬುಡವ್ವ, ಗ್ಯಾಸ್ ಕಟ್ಟರ್‌ನಲ್ಲಿ ತೂತ ಒಸಿ ಎಳ್ಸುದ್ರಾಯ್ತು. ಆವತ್ತೂ ಅಂಗೇ ಮಾಡ್ಸಿದ್ದು" ಎಂದರು.

"ಆವತ್ತು ಅಂದ್ರೆ ಯಾವತ್ತು ಮಾವ?"

"ಆ ಹಳೇದ ಕೂರಿಸ್ದಾಗ."

ನಾನು ಚೀಲದಿಂದ ಹಳೆಯ ಫ್ಲಾಂಜು ತೆಗೆದು ಸ್ಕ್ರೂಡ್ರೈವರಿನಲ್ಲಿ ಕೆರೆದೆ. ತುಕ್ಕು, ಬಣ್ಣ ಉದುರಿದ ಮೇಲೆ ನೋಡಿದರೆ, ನಾಲ್ಕೂ ತೂತು ಹಲಸಿನ ಬೀಜದಂತೆ ಉದ್ದುದ್ದ. ಯಾವ ದೇಶದ ಬೋಲ್ಟು ಬಂದರೂ ಬಾ ಎನ್ನುವ ತೂತುಗಳು. ಎಲ್ಲರ ಮೈಗೂ ಆಗುವ ರವಿಕೆಯನ್ನು ನಾನು ಅಳತೆಗೆ ಒಯ್ದಿದ್ದೆ! ಅದೂ ಹೋಗಲಿ, ಕೂರಬೇಕಾದದ್ದು ಹೊಸ ವಾಲ್ವಿಗೆ ಅಲ್ಲವೇ? ಒಯ್ಯಬೇಕಾದದ್ದೂ ಅದನ್ನೇ. ಮಾವನ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ನನ್ನ ಮೇಲೆ ತಿರುಗಿತು.

"ಎಳ್ದುಬುಡ್ಲಾ ಅಕ್ಕೋರೆ?" ಎಂದ ಜವರಪ್ಪ, ಕಟ್ಟರ್ ಹಿಡಿದು. "ಬೇಡ" ಎಂದೆ. "ತೂತು ಎಳೆದು ಬೋಲ್ಟು ಸೊಟ್ಟ ಕೂತಿದ್ದಕ್ಕೇ ಇದು ಸೋರಿದ್ದು. ಈ ಪೈಪಿನ ಕೆಳಗೇ ಎಲ್ರೂ ಓಡಾಡ್ತೀರಲ್ಲ, ಸ್ಟೀಮು ನೆತ್ತಿ ಮೇಲೆ ಬಿದ್ರೆ ಯಾರು ಜವಾಬ್ದಾರಿ?" ಮಾವನಿಗೆ ಮುಖ ಕೆಂಪಾಯಿತು. "ಇಷ್ಟ್ ವರ್ಸ ಸೋರ್ನಿಲ್ವಲ್ಲ! ನಾಳೆ ಬಾನುವಾರ, ಅಂಗಡಿ ಬಾಗ್ಲಾಕಿರ್ತದೆ. ಬತ್ತ ನಾತ ಒಡುದ್ರೆ ನೀನೇ ಉಣ್ತೀಯಾ?" ಎಂದರು. "ಉಣ್ತೀನಿ" ಎಂದುಬಿಟ್ಟೆ. ಸಿಟ್ಟಿನಲ್ಲಿ ನನ್ನ ಬಾಯಿಗೆ ಬಾಗಿಲಿರುವುದಿಲ್ಲ.

ಭಾನುವಾರ ತೊಟ್ಟಿಯ ನೀರು ಬದಲಾಯಿಸಿದ್ದೇ ಬದಲಾಯಿಸಿದ್ದು. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಹೋಗುವವರು ಮೂಗಿಗೆ ಟವೆಲ್ಲು ಹಿಡಿಯತೊಡಗಿದರು. "ಯಾರ್ ಮನೆ ಎಮ್ಮೆ ಸತ್ತೋಯ್ತವ್ವ?" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದರು. ನಾನು ವಾಲ್ವಿನ ಮುಂದೆ ಕೂತು ಅದನ್ನು ಒರೆಸುತ್ತಿದ್ದೆ. ಯಾವ ದೇಶದ ಅಳತೆ, ಎಷ್ಟು ಒತ್ತಡ ತಡೆಯುವ ಕ್ಲಾಸು ಎಲ್ಲವೂ ಅದರ ಮೈಮೇಲೇ ಅಚ್ಚಾಗಿತ್ತು. ಎಲ್ಲರ ಕಣ್ಣಿಗೂ ಕಾಣುವ ಹಾಗೆ. ಸೋಮವಾರ ಆ ಭಾರವನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿಗೆ ಹೋಗಿ, "ಅಮೆರಿಕದ್ದು, ನೂರೈವತ್ತರ ಕ್ಲಾಸು" ಎಂದೆ. "ಇದನ್ನ ಶನಿವಾರಾನೇ ಹೇಳಿದ್ರೆ ಆಗೋಗ್ತಿತ್ತಲ್ಲ ಮೇಡಂ" ಎಂದ ಅಂಗಡಿಯವನು. ಮಧ್ಯಾಹ್ನ ನಾಲ್ಕೂ ಬೋಲ್ಟು ತಾವಾಗಿಯೇ ಇಳಿದವು. ಸ್ಟೀಮು ಬಿಟ್ಟಾಗ ಒಂದು ಹನಿಯೂ ಸೋರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ತೊಟ್ಟಿಯ ನಾತಕ್ಕೋ ಹೇಳಲಾರೆ.

ಮಾನಂದವಾಡಿಯ ವ್ಯಾಪಾರಿ ಬಂದು ಒಂದು ಹಿಡಿ ಅಕ್ಕಿ ಮೂಸಿದರು. "ಅಕ್ಕಿ ಚೆನ್ನಾಗುಂಟು ಚೇಚೀ, ವಾಸನೆ ಬೇಡ" ಎಂದು ಹೊರಟೇಬಿಟ್ಟರು. ಬಹುಪಾಲು ಕೋಳಿ ಫಾರಂಗೆ ಹೋಯಿತು. ಒಂದು ಮೂಟೆಯನ್ನು ಮಾತ್ರ ಅತ್ತೆ ಮನೆಯೊಳಕ್ಕೆ ಇಳಿಸಿಕೊಂಡರು. ಉಳಿದವರಿಗೆಲ್ಲ ಬಿಳಿ ಅನ್ನ ಬಡಿಸಿ, ನನ್ನ ತಟ್ಟೆಗೆ ಬೇರೆ ಪಾತ್ರೆಯಿಂದ ದಪ್ಪ ಅಗುಳಿನ ಅನ್ನ ಸುರಿದು, "ಉಣ್ಣವ್ವ, ನಿನ್ ಸ್ಟ್ಯಾಂಡರ್ಡ್ ಅನ್ನ" ಎಂದರು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ನಾನು ಉಸಿರು ಬಿಗಿಹಿಡಿದು, ಒಂದು ಅಗುಳೂ ಬಿಡದೆ ಉಂಡೆ. ಅತ್ತೆ ಸೌಟು ಹಿಡಿದು, "ಇನ್ನೊಸಿ ಇಕ್ಲಾ?" ಎಂದು ಕೇಳಿದರು. ಬೇಡ ಅಂದರೆ ಸೋತ ಹಾಗಾಗುತ್ತದೆ.

"ಇಕ್ಕಿ ಅತ್ತೆ" ಎಂದೆ.