ಸಮುದ್ರ ಕಾಣದ ಕೋಣೆ

ಗೇಟಿಗೆ ಯಾರೋ ಏಣಿ ಒರಗಿಸಿದ ಸದ್ದಿಗೆ ಸುಗತಪಾಲನಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಊರಿನ ಸಾವುಗಳಿಗೆ ನೆರವಾಗುವ ಮರಣಾಧಾರ ಸಮಿತಿಯ ಕಾರ್ಯದರ್ಶಿ ವಿಜೇತುಂಗ ಏಣಿಯ ಮೇಲೆ ನಿಂತು ಬಿಳಿ ಬಾವುಟ ಕಟ್ಟುತ್ತಿದ್ದ. ಓಣಿಯುದ್ದಕ್ಕೂ ಬಾವುಟಗಳು ಒಣಹಾಕಿದ ಬನಿಯನ್ನುಗಳಂತೆ ತೂಗುತ್ತಿದ್ದವು.

"ಅಯ್ಯಾ, ನನ್ನ ಗೇಟಿಗ್ಯಾಕೆ? ಸತ್ತಿದ್ದು ಪಕ್ಕದ ಮನೆಯೋಳು!"

"ಜ್ಞಾನವತಿಗೆ ಹಿಂದೆ ಮುಂದೆ ಯಾರಿದ್ದಾರೋ? ಇಡೀ ಓಣಿಯೇ ಅವಳ ಮನೆ. ಹತ್ತು ಗಂಟೆಗೆ ಆಸ್ಪತ್ರೆಯಿಂದ ಹೆಣದ ಪೆಟ್ಟಿಗೆ ಬರುತ್ತೆ, ಸಂಜೆ ಮಣ್ಣು. ಎಡಗಡೆ ಮುಂದಿನ ಹೆಗಲು ನಿಂದು, ನೆನಪಿರಲಿ."

ಸುಗತಪಾಲನಿಗೆ ನೆನಪಿದ್ದದ್ದು ಬೇರೆ. ಮಳೆಗಾಲ ಕಳೆದ ಮೇಲೆ, ಸಿಂಹಳದ್ವೀಪದ ಆ ಕಡಲೂರಿನ ಅವನ ಅತಿಥಿಗೃಹಕ್ಕೆ ಮೊದಲ ಅತಿಥಿ ಅಂದು ಬರುವವನಿದ್ದ. ಹಿಂದೆ ಬಂದಿದ್ದ ದಂಪತಿ 'ಪಕ್ಕದ ಮನೆಯ ಮುದುಕಿ ಬೇಲಿಯ ಮೇಲಿಂದ ಇಣುಕುತ್ತಾಳೆ' ಎಂದು ಅಂತರ್ಜಾಲದಲ್ಲಿ ಬರೆದದ್ದೇ ತಡ, ಕೋಣೆಗಳಲ್ಲಿ ಹಲ್ಲಿಗಳು ಸಂಸಾರ ಹೂಡಿದ್ದವು. ಬರೆದದ್ದು ಸುಳ್ಳಲ್ಲ. ಜ್ಞಾನವತಿ ಬೇಲಿಯ ಬಳಿ ಕೂತು ನಾರಿನ ಹಗ್ಗ ಹೊಸೆಯುತ್ತ, ಯಾವ ವಿದೇಶಿ ಗಂಡಸು ಬಂದರೂ, "ತಮ್ಮಾ, ಅವನ ವಯಸ್ಸೆಷ್ಟು?" ಎಂದು ಸುಗತಪಾಲನನ್ನು ಕೇಳುತ್ತಿದ್ದಳು. ಈ ಅತಿಥಿಯೂ ಹೆದರಿ ಓಡಿದರೆ ಮನೆಗೆ ಬೀಗ ಜಡಿದು ಭಾವಮೈದುನನ ಸಿಮೆಂಟ್ ಅಂಗಡಿ ಸೇರುವುದೊಂದೇ ದಾರಿ. ಭಾವಮೈದುನ ಆಗಲೇ ಒಂದು ಸ್ಟೂಲು ತೆಗೆದಿಟ್ಟಿದ್ದ. ಒರಗಲು ಬೆನ್ನಿಲ್ಲದ್ದು.

ಎಂಟು ಗಂಟೆಗೆ ಲಸಂತನ ಆಟೋ ಬಂತು. ಇಳಿದವನು ಹಾಲೆಂಡಿನ ಮಾರ್ಟೆನ್.

"ಅಯ್ಯಾ, ಇವನೆಂಥ ವಿದೇಶಿ!" ಎಂದ ಲಸಂತ. "ನೋಡೋಕೆ ನಮ್ಮ ಮಾತರಕ್ಕೆ ಹೋಗೋ ಬಸ್ಸಿನ ಕಂಡಕ್ಟರ್ ಹಾಗಿದ್ದಾನೆ. ಸಿಂಹಳ ಮಾತ್ರ ಒಂದಕ್ಷರ ಬರಲ್ಲ."

"ಏನಂದರು?" ಎಂದು ಇಂಗ್ಲಿಷಿನಲ್ಲಿ ಕೇಳಿದ ಮಾರ್ಟೆನ್.

"ನೀವು ಬಂದಿದ್ದು ಭಾಗ್ಯ ಅಂದ."

"ಈ ಬಾವುಟಗಳು?"

"ನಿಮ್ಮನ್ನ ಬರಮಾಡಿಕೊಳ್ಳೋಕೆ ಸರ್."

ಸಮುದ್ರ ಕಾಣುವ ಕೋಣೆ ತೋರಿಸಿದರೆ ಮಾರ್ಟೆನ್ ಬೇಡವೆಂದ. ಪಕ್ಕದ ಅಂಗಳಕ್ಕೆ ಕಿಟಕಿಯಿದ್ದ ಹಿಂದಿನ ಕೋಣೆಯೇ ಬೇಕಂತೆ. ಕಿಟಕಿಗೆ ಕುರ್ಚಿ ಎಳೆದುಕೊಂಡು, "ಇವತ್ತು ಇಲ್ಲೇ ಕೂತಿರ್ತೀನಿ" ಎಂದ. ಇನ್ನೆರಡು ಗಂಟೆಯಲ್ಲಿ ಆ ಅಂಗಳಕ್ಕೆ ಪೆಟ್ಟಿಗೆ ಬರುವುದಿತ್ತು.

"ಆಗಲ್ಲ ಸರ್! ಕೋಣೆಗೆ ಸೊಳ್ಳೆ ಔಷಧಿ ಹೊಡೀಬೇಕು. ಒಳಗಿದ್ದರೆ ಸೊಳ್ಳೆ ಜೊತೆ ನೀವೂ ಹೋಗ್ತೀರಿ."

"ಪಕ್ಕದ ಮನೆಯಲ್ಲಿ ಯಾರೂ ಕಾಣಿಸ್ತಿಲ್ಲ?"

"ಆ ಹೆಂಗಸು ಎಲ್ಲಿಗೋ ಹೋಗಿದ್ದಾಳೆ. ಸಂಜೆ ಬರ್ತಾಳೆ. ಅಷ್ಟರಲ್ಲಿ ಕಡಲತೀರ ನೋಡಿ ಬರೋಣ."

ಸಂಜೆ ಅಂದದ್ದೇ ಮಾರ್ಟೆನ್ ಎದ್ದ. ಬಾಗಿಲಲ್ಲಿ ಸುಗತಪಾಲನ ಹೆಂಡತಿ ಕುಸುಮಲತಾ ತಡೆದಳು. "ಸತ್ತವಳ ಮುಖ ನೋಡೋದು ಬಿಟ್ಟು ಸಮುದ್ರ ತೋರಿಸೋಕೆ ಹೊರಟಿರಾ? ನಾಳೆ ನಮ್ಮ ಮನೇಲಿ ಏನಾದ್ರೂ ಆದ್ರೆ ಹೆಗಲು ಕೊಡೋರಿಲ್ಲದೆ ಪೆಟ್ಟಿಗೆ ಸಿಮೆಂಟ್ ಲಾರೀಲಿ ಹೋಗುತ್ತೆ."

"ಏನಂದರು?"

"ಟೋಪಿ ಹಾಕ್ಕೊಳ್ಳಿ ಅಂತಾಳೆ. ಬಿಸಿಲು."

ಬಂಡೆಯ ಬಿರುಕಿನಿಂದ ಅಲೆ ಮರದೆತ್ತರ ಚಿಮ್ಮುವ ಜಾಗಕ್ಕೆ ಮೊದಲು ಹೋದರು. ಸಮುದ್ರ ಅಂದು ಶಾಂತವಾಗಿತ್ತು. ಬಿರುಕು ಕಾಯಿಲೆಯವನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆಮೆ ಸಾಕುವಲ್ಲಿ ಕಾವಲುಗಾರ ಸುಗತಪಾಲನನ್ನು ಕಂಡವನೇ, "ಹೆಗಲು ಕೊಡಬೇಕಾದೋನಿಗೆ ಇಲ್ಲೇನೋ ಕೆಲಸ? ನಾನೇ ಬೀಗ ಹಾಕಿ ಹೊರಟಿದ್ದೀನಿ!" ಎಂದು ಗದರಿದ.

"ಏನಂದರು?"

"ಆಮೆಗಳು ಮಲಗಿವೆಯಂತೆ."

ಊರಿನ ಹೆಸರುವಾಸಿ ನೋಟವೆಂದರೆ ನೀರಿನಲ್ಲಿ ನೆಟ್ಟ ಕೋಲುಗಳ ಮೇಲೆ ಕೂತು ಮೀನು ಹಿಡಿಯುವವರು. ಅವರೆಲ್ಲ ಸಾವಿನ ಮನೆಯಲ್ಲಿದ್ದರು. ಖಾಲಿ ಕೋಲುಗಳ ಮೇಲೆ ಕಾಗೆಗಳು ಕೂತಿದ್ದವು. ಸುಗತಪಾಲನೇ ಪ್ಯಾಂಟು ಮಡಚಿ ಒಂದನ್ನು ಹತ್ತಿದ. "ಫೋಟೋ ತೆಗೀರಿ ಸರ್!" ಎನ್ನುತ್ತಿದ್ದಂತೆ ಅಡ್ಡಪಟ್ಟಿ ಮುರಿದು, ಬಿಚ್ಚಿದ ಮೂಟೆಯಂತೆ ನೀರಿಗೆ ಬಿದ್ದ. ಅವನನ್ನು ಎಳೆದು ದಡಕ್ಕೆ ಹಾಕಿದ್ದು ಅತಿಥಿಯೇ.

ಮಣ್ಣು ಮುಗಿದಿರಬಹುದೆಂದು ಲೆಕ್ಕ ಹಾಕಿ ಹಿಂತಿರುಗಿದರೆ ಸ್ಮಶಾನದ ತಿರುವಿನಲ್ಲೇ ಶವದ ಮೆರವಣಿಗೆ ಎದುರಾಯಿತು. ಎಡಗಡೆ ಮುಂದಿನ ಹೆಗಲು ಕುಳ್ಳ ವಿಜೇತುಂಗನದು. ಪೆಟ್ಟಿಗೆ ಅತ್ತ ವಾಲಿ ಈಗಲೋ ಆಗಲೋ ಎನ್ನುವಂತಿತ್ತು. ಸುಗತಪಾಲ ಆಟೋದ ಸೀಟಿನ ಕೆಳಗೆ ತಲೆ ತೂರಿಸಿದ.

"ಯಾರು ತೀರಿಕೊಂಡಿದ್ದು?" ಎಂದ ಮಾರ್ಟೆನ್.

"ಯಾರೋ ಬೇರೆ ಊರಿನವರು ಸರ್."

"ಇಲ್ಲೂ ಅದೇ ಬಾವುಟ?"

"ಬರೋರಿಗೂ ಹೋಗೋರಿಗೂ ನಮ್ಮಲ್ಲಿ ಒಂದೇ."

ಮಾರ್ಟೆನ್ ಒಂದು ಗಳಿಗೆ ಪೆಟ್ಟಿಗೆಯನ್ನೇ ನೋಡಿದ. ಆಮೇಲೆ ಕೆಳಗಿಳಿದು, ಬೂಟು ಕಳಚಿಟ್ಟು, ಹೋಗಿ ವಿಜೇತುಂಗನ ಜಾಗದಲ್ಲಿ ತನ್ನ ಹೆಗಲು ಕೊಟ್ಟ. ಪೆಟ್ಟಿಗೆ ನೆಟ್ಟಗಾಯಿತು. ವಿಜೇತುಂಗ ಆಟೋದೊಳಗೆ ಇಣುಕಿ, "ಪರದೇಶಿಗಿರೋ ಮರ್ಯಾದೆ ನಿನಗಿಲ್ವಲ್ಲೋ!" ಎಂದು ಉಗಿದ.

ಮಣ್ಣು ಮುಗಿಸಿ ಬಂದ ಮಾರ್ಟೆನ್ ಕೇಳಿದ. "ಏನಂದರು?"

"ಧನ್ಯವಾದ ಅಂದರು."

ಮನೆ ಸೇರಿದಾಗ ಕತ್ತಲಾಗುತ್ತಿತ್ತು. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿತ್ತು, ಅಂಗಳದಲ್ಲಿ ಮಣ್ಣು ಮುಗಿಸಿ ಬಂದವರಿಗೆ ಊಟದ ಏರ್ಪಾಟು ನಡೆದಿತ್ತು. ಮಾರ್ಟೆನ್ ಹೆಗಲು ನೀವಿಕೊಳ್ಳುತ್ತ ಕಿಟಕಿಗೆ ಓಡಿದ.

"ಬಂದುಬಿಟ್ಟಿದ್ದಾರೆ! ನೀವು ಹೇಳಿದ ಹಾಗೇ!" ಅವನು ಸುಗತಪಾಲನ ತೋಳು ಹಿಡಿದ. "ನಿಮ್ಮ ಹತ್ತಿರ ಒಂದು ಮಾತು ಮುಚ್ಚಿಟ್ಟಿದ್ದೆ. ಈ ಮನೆಯ ಹೆಂಗಸು, ಜ್ಞಾನವತಿ, ನನ್ನ ತಾಯಿ. ಎಳೆಗೂಸಾಗಿದ್ದಾಗ ದತ್ತು ಕೊಟ್ಟರಂತೆ. ಮೊದಲು ಒಂದು ದಿನ ದೂರದಿಂದ ನೋಡಿ, ಧೈರ್ಯ ಬಂದ ಮೇಲೆ ಹೋಗೋಣ ಅಂತಿದ್ದೆ. ನೀವೂ ಜೊತೆಗೆ ಬರ್ತೀರಾ? ನನಗೆ ನಿಮ್ಮ ಭಾಷೆಯಲ್ಲಿ ಒಂದೇ ಮಾತು ಬರೋದು. ಅಮ್ಮ. ಸರಿಯಾಗಿ ಹೇಳ್ತಿದ್ದೀನಾ?"

ಸುಗತಪಾಲನ ಪ್ಯಾಂಟಿನಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಅವನಿಗೆ ಹೊಳೆದದ್ದು ಒಂದೇ ಪ್ರಶ್ನೆ, ಅದೂ ಅವನದಲ್ಲ, ಜ್ಞಾನವತಿಯದು.

"ನಿಮ್ಮ ವಯಸ್ಸೆಷ್ಟು ಸರ್?"

"ನಲವತ್ತೆರಡು. ಯಾಕೆ?"

ಅಷ್ಟರಲ್ಲಿ ಬೇಲಿಯಾಚೆಯಿಂದ ವಿಜೇತುಂಗ ಕೂಗಿದ. "ಸುಗತಾ! ನೀನು ಬರದಿದ್ರೂ ಪರವಾಗಿಲ್ಲ, ನಿನ್ನ ಅತಿಥೀನ ಊಟಕ್ಕೆ ಕಳಿಸು. ಜ್ಞಾನವತಿಗೆ ಹೆಗಲು ಕೊಟ್ಟೋನು ಹಸಿದು ಮಲಗಬಾರದು!"

ಮಾರ್ಟೆನ್‌ನ ಮುಖ ಅರಳಿತು. "ಅಮ್ಮನ ಹೆಸರು ಹೇಳಿದರಲ್ಲ! ಏನಂದರು?"

ಸುಗತಪಾಲ ಬಾಯಿ ತೆರೆದ. ಬೆಳಗಿನಿಂದ ಕೇಳಿದೊಡನೆ ಕೈಗೆ ಬರುತ್ತಿದ್ದ ಸುಳ್ಳುಗಳಲ್ಲಿ ಒಂದೂ ಬರಲಿಲ್ಲ. ಮಾರ್ಟೆನ್ ಆಗಲೇ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ.