ಬೆಚ್ಚಗಿನ ಗ್ಯಾರೇಜಿಗೆ ಬಂದ ಮಾವ

ಎನ್ಸಿಯೊಗೆ ಗೋಡೆ ಕೊರೆಯಲು ಧೈರ್ಯ ಬರಲಿಲ್ಲ. ಆ ದಿನದ ಫಜೀತಿಗೆಲ್ಲ ಮೂಲ ಅಷ್ಟೇ.

ಅವನು ತಂದಿದ್ದ ಡೀಸೆಲ್ ಹೀಟರು ಒಂದು ಸಣ್ಣ ಸೂಟ್‌ಕೇಸಿನಷ್ಟಿತ್ತು. ಅದರ ಹೊಗೆ ಆಚೆ ಹೋಗಲು ಒಂದು ಕೊಳವೆ, ಕೊಳವೆಗೆ ಗೋಡೆಯಲ್ಲೊಂದು ತೂತು ಬೇಕಿತ್ತು. ಆದರೆ ಗೋಡೆ ಮಾವನದು. ದಿಮ್ಮಿಯ ಮೇಲೆ ದಿಮ್ಮಿ ಜೋಡಿಸಿ ಆ ಗ್ಯಾರೇಜು ಕಟ್ಟಿದವನು ಮಾವ ತಾವೆತ್ತಿ. ಅಳಿಯ ಅದಕ್ಕೆ ಮೊಳೆ ಹೊಡೆಯುವುದಿರಲಿ, ಒರಗಿ ನಿಂತರೂ ಗದರುತ್ತಿದ್ದ. ಕಳೆದ ವಸಂತದಲ್ಲಿ ಮಾವ ತೀರಿಕೊಂಡು ಚರ್ಚಿನ ಹಿಂದಿನ ಮಣ್ಣು ಸೇರಿದ್ದ. ಆದರೂ ಎನ್ಸಿಯೊ ಕೊರೆಯುವ ಯಂತ್ರ ಎತ್ತಿಕೊಂಡಾಗ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಅವನು ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟ. ದೊಡ್ಡ ಬಾಗಿಲ ಬುಡದಲ್ಲಿ ಬೆಕ್ಕಿಗೆಂದು ಬಿಟ್ಟಿದ್ದ ಕಂಡಿಯಿಂದ ಕೊಳವೆಯನ್ನು ಆಚೆಗೆ ತೂರಿಸಿ, ಸುತ್ತಲಿನ ಸಂದಿಗೆ ಉಣ್ಣೆಯ ಕಾಲುಚೀಲ ತುರುಕಿದ.

ಕೆಲಸ ಅವಸರದ್ದಾಗಿತ್ತು. ಮರುದಿನ ಹೌಕಿಲಾ ಊರಿನ ಶಾಲೆಯ ಮಕ್ಕಳ ಸ್ಕೀ ಪಂದ್ಯ. ಹಿಮದ ಹಾದಿಯನ್ನು ಒತ್ತಿ ಹದಮಾಡುವ ಹಿಮಬಂಡಿ ಕೆಟ್ಟು ಕೂತಿತ್ತು. ಹಾದಿಯ ಹೊಣೆ ಅಷ್ಟು ವರ್ಷ ಮಾವನದಾಗಿದ್ದು, ಈ ಚಳಿಗಾಲದಲ್ಲಷ್ಟೇ ಊರವರು ಎನ್ಸಿಯೊನ ಹೆಗಲಿಗೆ ಹಾಕಿದ್ದರು. ಮೊದಲ ಸಲವೇ ಮುಗ್ಗರಿಸಿದರೆ ಊರಿನ ಕಾಫಿ ಮೇಜುಗಳಲ್ಲಿ ಮುಂದಿನ ಚಳಿಗಾಲದವರೆಗೂ ಅದೇ ಮಾತು. ಬಿಸಿಯಿಲ್ಲದೆ ರಿಪೇರಿ ಸಾಧ್ಯವಿರಲಿಲ್ಲ. ಸ್ಪ್ಯಾನರು ಹಿಡಿದರೆ ಅಂಗೈ ಚರ್ಮ ಅದಕ್ಕೇ ಅಂಟಿಕೊಳ್ಳುವಂಥ ಚಳಿ. ಮಧ್ಯಾಹ್ನವಾಗಿದ್ದರೂ ಹೊರಗೆ ಕತ್ತಲು. ಉತ್ತರ ಧ್ರುವದ ಹತ್ತಿರದ ಲಾಪ್‌ಲ್ಯಾಂಡಿನಲ್ಲಿ ಆ ತಿಂಗಳು ಸೂರ್ಯ ಇಣುಕಿ ನೋಡುವ ಗೋಜಿಗೂ ಹೋಗುವುದಿಲ್ಲ.

ಹೀಟರು ಟಿಕ್ ಟಿಕ್ ಎಂದಿತು, ನಿದ್ದೆಯಿಂದೆದ್ದ ಮುದುಕನ ಹಾಗೆ ಉದ್ದಕ್ಕೆ ನಿಟ್ಟುಸಿರು ಬಿಟ್ಟಿತು, ಆಮೇಲೆ ಬಿಸಿಗಾಳಿ ಊದತೊಡಗಿತು. ಗ್ಯಾರೇಜಿಗೆ ಜೀವ ಬಂದ ಹಾಗಾಯಿತು. ದಿಮ್ಮಿಗಳು ಎಲ್ಲೆಲ್ಲೋ ಲಟಕ್ಕೆಂದವು. ಸೂರಿನ ಮಂಜು ಕರಗಿ ತೊಟ್ಟಿಕ್ಕಿತು. ಮೂಲೆಯ ಗೂಟದಲ್ಲಿ ಮಾವನ ಎಣ್ಣೆಗಲೆಯ ಮೇಲಂಗಿ ಹಲಗೆಯಂತೆ ಸೆಟೆದು ನೇತಾಡುತ್ತಿತ್ತು. ಈಗ ಅದು ಮೆತ್ತಗಾಗಿ, ನಿಧಾನವಾಗಿ ಭುಜ ಇಳಿಸಿ, ಎನ್ಸಿಯೊನ ಕಡೆಗೆ ಬಾಗಿತು. ಎನ್ಸಿಯೊ ಅದಕ್ಕೆ ಬೆನ್ನು ತಿರುಗಿಸಿ ಕೂತ. ಬೆನ್ನಿಗೆ ಅದು ಇನ್ನೂ ಹೆಚ್ಚು ಕಾಣತೊಡಗಿತು.

ಹೆಂಡತಿ ಐಲಿ ಪೇಟೆಗೆ ಹೋಗಿದ್ದಳು. ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದಿತ್ತು ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಕಲೆವಿ ಬಂದ. ಅವನು ನಿವೃತ್ತ ಲೈನ್‌ಮನ್. ಪರರ ಮನೆಯ ಬಿಸಿ ಎಲ್ಲಿದ್ದರೂ ಬೆಕ್ಕಿನಂತೆ ಪತ್ತೆ ಹಚ್ಚುತ್ತಿದ್ದ. ಅವನ ಹಿಂದೆಯೇ ಎದುರುಮನೆಯ ವಿಧವೆ ಸೈಮಿ ಏಲಕ್ಕಿ ಬನ್ನುಗಳ ತಟ್ಟೆ ಹಿಡಿದು ಬಂದಳು. ಇಬ್ಬರೂ ಪಕ್ಕದ ಚಿಕ್ಕ ಬಾಗಿಲಿನಿಂದ ಒಳಬಂದು ಕೋಟು ಬಿಚ್ಚಿದರು. ಅದರರ್ಥ ಅವರು ಬೇಗ ಏಳುವವರಲ್ಲ.

ದೊಡ್ಡ ಬಾಗಿಲ ಬುಡದಿಂದ ಚಳಿಗಾಳಿ ಬರುತ್ತಿದೆಯೆಂದು ಕಲೆವಿ ಕಂಡುಹಿಡಿದ. ಯಾರೂ ಕೇಳದಿದ್ದರೂ ಆಚೆ ಹೋಗಿ, ಸಲಿಕೆಯಿಂದ ಹಿಮ ಎತ್ತಿ ಆ ಬಾಗಿಲ ಬುಡಕ್ಕೆ ಮೊಣಕಾಲೆತ್ತರ ಪೇರಿಸಿ, ಮೇಲೆ ತಟ್ಟಿ ಗಟ್ಟಿಮಾಡಿ ಬಂದ. ಕತ್ತಲಲ್ಲಿ ಕೊಳವೆಯ ಮೂತಿ ಅವನಿಗೆ ಕಾಣಿಸಲಿಲ್ಲ.

"ಈಗ ನೋಡು, ಒಂದು ಎಳೆ ಗಾಳಿ ಬರಲ್ಲ," ಎಂದು ಕೈ ಒರೆಸಿಕೊಂಡ.

ಮಾತು ನಿಜವಾಯಿತು. ಸ್ವಲ್ಪ ಹೊತ್ತಿಗೆ ಎನ್ಸಿಯೊನ ಹಣೆಯೊಳಗೆ ಯಾರೋ ನಿಧಾನವಾಗಿ ಕುಟ್ಟತೊಡಗಿದರು. ಸೈಮಿ ತನ್ನ ಕಿವಿಯಲ್ಲಿ ಚರ್ಚಿನ ಆರ್ಗನ್ ವಾದ್ಯ ಕೇಳುತ್ತಿದೆ ಎಂದಳು. ಬಿಸಿ ಹೊಸದಲ್ಲವೇ, ತಲೆಗೆ ಒಗ್ಗಬೇಕು ಎಂದು ಕಲೆವಿ ಸಮಾಧಾನ ಹೇಳಿದ. ಮಾತು ಕಡಿಮೆಯಾಗಿ, ತಾವೆತ್ತಿ ಇದ್ದಿದ್ದರೆ ಈ ಬಂಡಿ ಎಂದೋ ಓಡುತ್ತಿತ್ತು ಎಂಬಲ್ಲಿಗೆ ಬಂದು ನಿಂತಿತು. ಮೂವರೂ ಮೇಲಂಗಿಯತ್ತ ನೋಡಿದರು.

ಆಗಲೇ ಚಿಕ್ಕ ಬಾಗಿಲು ತೆರೆಯಿತು. ಬಿಳಿ ಹಬೆಯ ನಡುವೆ ತಾವೆತ್ತಿ ಒಳಗೆ ಬಂದ.

ಅದೇ ಗಿಡುಗನ ಮೂಗು, ಅದೇ ಗಂಟು ಹುಬ್ಬು, ಹುಬ್ಬಿನ ಮೇಲೆ ಹಿಮದ ಹರಳು. ಅವನು ಬಾಗಿಲು ಮುಚ್ಚಿ, ಮೂವರನ್ನೂ ಒಂದು ಸುತ್ತು ನೋಡಿ, ಬಣ್ಣದ ಖಾಲಿ ಡಬ್ಬದ ಮೇಲೆ ಕೂತು ಹೀಟರಿನತ್ತ ಕೈ ಚಾಚಿದ. ಬರಿತಲೆಯಲ್ಲಿ ಕರಿ ಸೂಟು ತೊಡಿಸಿ ಕಳಿಸಿದ್ದೆವಲ್ಲ, ಈ ತುಪ್ಪಳದ ಟೋಪಿ ಎಲ್ಲಿಂದ ಸಿಕ್ಕಿತು ಎಂದು ಎನ್ಸಿಯೊ ಯೋಚಿಸಿದ. ಈ ಚಳಿಯಲ್ಲಿ ನೆಲದಡಿ ಮಲಗಿರುವುದು ಯಾರಿಗೂ ಸುಖವಲ್ಲ, ಬೆಚ್ಚಗಿರುವ ಜಾಗ ಕಂಡು ಬಂದಿದ್ದಾನೆ ಎಂದೂ ಅನ್ನಿಸಿತು. ಯಾರೂ ಕಿರುಚಲಿಲ್ಲ. ಹೌಕಿಲಾದಲ್ಲಿ ಅತಿಥಿಯ ಮುಂದೆ ಗಲಾಟೆ ಮಾಡುವುದು ನಾಚಿಕೆಗೇಡು, ಅತಿಥಿ ಯಾವ ಲೋಕದವನೇ ಇರಲಿ. ತನಗೆ ಮಾತ್ರ ಕಾಣುತ್ತಿದೆಯೇನೋ ಎಂದು ಪ್ರತಿಯೊಬ್ಬರೂ ನೆಲ ನೋಡುತ್ತಾ ಕೂತರು. ಸೈಮಿ ಮಾತ್ರ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡೇ ಬನ್ನಿನ ತಟ್ಟೆಯನ್ನು ಅವನತ್ತ ಮೆಲ್ಲಗೆ ಜರುಗಿಸಿದಳು. ಅವನು ಒಂದು ಬನ್ನು ತಿಂದ.

ಆಮೇಲೆ ಕೇಳಿದ, "ತಾವೆತ್ತಿ ಹೋಗ್ಬಿಟ್ಟ ಅಂತ ಸುದ್ದಿ ಬಂತು. ನಿಜಾನಾ?"

ಪಾಪ, ಇವನಿಗೇ ಇನ್ನೂ ಖಾತ್ರಿಯಿಲ್ಲ ಎಂದುಕೊಂಡ ಎನ್ಸಿಯೊ. ಹೇಗೆ ತಿಳಿಸುವುದು? ಕೊನೆಗೆ ಸೈಮಿಯೇ ಮೃದುವಾಗಿ ಹೇಳಿದಳು. "ಹೌದಪ್ಪಾ, ನಿಜ. ವಸಂತದಲ್ಲಿ. ನೋವೇನೂ ಆಗ್ಲಿಲ್ಲ."

"ಮಣ್ಣಿಗೆ ಯಾರ್ಯಾರು ಬಂದಿದ್ರು?"

"ಊರೆಲ್ಲಾ ಬಂದಿತ್ತು," ಎಂದ ಕಲೆವಿ. "ಸಾಲ್ಮನ್ ಸೂಪು ಸಾಲದೆ ಬಂತು."

"ಯಾರಾದ್ರೂ ಅತ್ರಾ?"

ಕಲೆವಿ ಒಂದು ಬನ್ನು ಎತ್ತಿಕೊಂಡ. ಹೀಟರು ನಿಟ್ಟುಸಿರು ಬಿಟ್ಟಿತು. ಮುದುಕ ಮೂಗರಳಿಸಿ ಗಾಳಿಯನ್ನು ಮೂಸಿದ. ಅವನ ಹುಬ್ಬು ಇನ್ನಷ್ಟು ಗಂಟಾಯಿತು.

"ಇಲ್ಲಿ ಉಸಿರಾಡೋಕಾಗ್ತಿಲ್ಲ," ಎಂದ. "ಏಳ್ರಿ. ನನ್ ಜೊತೆ ಬನ್ನಿ."

ಎಲ್ಲಿಗೆ ಎಂದು ಕೇಳುವ ಶಕ್ತಿ ಎನ್ಸಿಯೊಗಿರಲಿಲ್ಲ. ಕಾಲುಗಳು ಬೇರೆ ಯಾರದೋ ಆಗಿದ್ದವು. ನಾಳೆ ಹಾದಿಯ ಕೆಲಸವಿದೆ, ಇವತ್ತು ಬರಲಾಗದು ಎಂದು ತೊದಲಿದ. ಮಂಜಿನಷ್ಟು ತಣ್ಣಗಿದ್ದ ಕೈಯೊಂದು ಅವನ ಕೊರಳಪಟ್ಟಿ ಹಿಡಿದು ದರದರ ಎಳೆಯಿತು. ಅವನು ಸೈಮಿಯ ತೋಳು ಹಿಡಿದ, ಸೈಮಿ ಕಲೆವಿಯ ಪ್ಯಾಂಟಿನ ಪಟ್ಟಿ ಹಿಡಿದಳು. ಒಂದೇ ಗೋರಿಯಲ್ಲಿ ಮೂವರೂ ಹಿಡಿಸುತ್ತೇವೆಯೇ ಎಂಬ ಯೋಚನೆಯೊಂದೇ ಎನ್ಸಿಯೊನ ತಲೆಯಲ್ಲಿತ್ತು. ಚಿಕ್ಕ ಬಾಗಿಲು ದಾಟಿ ಬೋರಲಾಗಿ ಹಿಮಕ್ಕೆ ಬಿದ್ದ. ತಲೆಯೆತ್ತಿದಾಗ ಮಾವ ತೂರಾಡುತ್ತಾ ಮನೆಯ ಹಿಂದಿನ ಕತ್ತಲಿಗೆ ನಡೆದು ಹೋಗುತ್ತಿದ್ದ.

ಪೇಟೆಯಿಂದ ಬಂದ ಐಲಿಯ ಕಾರಿನ ಬೆಳಕಿಗೆ ಕಂಡದ್ದು ಹಿಮದಲ್ಲಿ ಸಾಲಾಗಿ ಕೂತು ವಾಂತಿ ಮಾಡುತ್ತಿದ್ದ ಮೂವರು. ಅವಳು ಮೂವರನ್ನೂ ಕಾರಿಗೆ ತುಂಬಿ ಆರೋಗ್ಯ ಕೇಂದ್ರಕ್ಕೆ ಓಡಿಸಿದಳು.

ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಮಲಗಿದ ಮೇಲೆ ವಿಷಯ ಹೊರಬಿತ್ತು. ಮೊದಲು ಕಲೆವಿ, ತಾನೇನೋ ಕಂಡೆನೆಂದು ಗೊಣಗಿದ. ಸೈಮಿ, ತಾನೂ ಎಂದಳು. ನರ್ಸು ಎಲ್ಲ ಕೇಳಿ, ಹೊಗೆ ಒಳಗೇ ತುಂಬಿಕೊಂಡರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ನೆತ್ತಿಗೇರುತ್ತದೆ, ಇಲ್ಲದ್ದು ಕಾಣುತ್ತದೆ, ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ನೀವೇ ಬೇರೆಯವರಿಗೆ ಕಾಣಿಸಿಕೊಳ್ಳಬೇಕಾಗುತ್ತಿತ್ತು ಎಂದಳು.

"ಮೂವರಿಗೂ ಒಬ್ನೇ ಕಂಡ್ನಲ್ಲಮ್ಮ?" ಎಂದು ಸೈಮಿ ಕೇಳಿದಳು.

"ಮೂವರೂ ಅವರ ಮಾತೇ ಆಡ್ತಾ ಕೂತಿದ್ರಿ ತಾನೆ? ಇನ್ಯಾರು ಕಾಣ್ತಾರೆ?"

ಎನ್ಸಿಯೊಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ. ಮಾವ ಬರೀ ಹೊಗೆ. ಮಾವನ ಗದರಿಕೆಯೂ ಹೊಗೆ. ನಾಳೆ ಬೆಳಗಾಗುತ್ತಲೇ ಆ ಗೋಡೆಗೆ ತೂತು ಕೊರೆಯುತ್ತೇನೆ, ಬೇಕಾದರೆ ಎರಡು ಕೊರೆಯುತ್ತೇನೆ ಎಂದು ದಾರಿಯುದ್ದಕ್ಕೂ ಐಲಿಗೆ ಹೇಳಿದ. ಹಿಮಹಾದಿಯ ಕೆಲಸವನ್ನು ಪಕ್ಕದ ಊರಿನವರಿಗೆ ಒಪ್ಪಿಸಿಯಾಯಿತೆಂದು ಅವಳು ತಿಳಿಸಿದಾಗಲೂ ಅವನ ಉತ್ಸಾಹ ಕುಗ್ಗಲಿಲ್ಲ.

ಮನೆ ತಲುಪಿದಾಗ ಸಂಜೆ ಊಟದ ಹೊತ್ತು. ಹಿತ್ತಲಿನ ಸೌನಾದ, ಹಬೆಸ್ನಾನದ ಆ ಪುಟ್ಟ ಕೋಣೆಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಗಂಡ ಮಧ್ಯಾಹ್ನವೇ ಒಲೆ ಹಚ್ಚಿರಬೇಕೆಂದು ಐಲಿ ಅಂದುಕೊಂಡಳು, ಹೆಂಡತಿ ಹಚ್ಚಿದಳೆಂದು ಎನ್ಸಿಯೊ ಅಂದುಕೊಂಡ. ಮೈಗಂಟಿದ ಡೀಸೆಲ್ ವಾಸನೆ ತೊಳೆಯಲು ಅವನು ಬಟ್ಟೆ ಕಳಚಿ ಸೌನಾದ ಬಾಗಿಲು ತೆರೆದ.

ಮೇಲಿನ ಹಲಗೆಯಲ್ಲಿ ಬರಿಮೈಯಲ್ಲಿ ತಾವೆತ್ತಿ ಕೂತಿದ್ದ.

"ಬಾಗ್ಲು ಹಾಕು. ಬಿಸಿ ಹೋಗುತ್ತೆ."

ಬೆಳಗ್ಗೆಯ ಎನ್ಸಿಯೊ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದ. ಈಗ ಅವನ ಬೆನ್ನಿಗೆ ವೈದ್ಯಶಾಸ್ತ್ರವಿತ್ತು. ವಿಷ ಪೂರ್ತಿ ಇಳಿದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ನಗುತ್ತಾ ಮೆಟ್ಟಿಲೇರಿ, ತೋರುಬೆರಳಿನಿಂದ ಮುದುಕನ ಹೊಟ್ಟೆಗೆ ಬಲವಾಗಿ ತಿವಿದ. ಹೊಟ್ಟೆ ಬಿಸಿಯಾಗಿತ್ತು, ಒದ್ದೆಯಾಗಿತ್ತು, ಕೂದಲಿತ್ತು. ಬೆರಳು ಆಚೆ ದಾಟಲಿಲ್ಲ.

ಇಬ್ಬರೂ ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡಿದರು.

"ನಾನು ಯಾಲ್ಮರಿ," ಎಂದ ಮುದುಕ. "ತಾವೆತ್ತಿಯ ತಮ್ಮ. ಅವಳಿ. ನಿಮ್ಮ ಮನೇಲಿ ನೆಂಟರನ್ನ ಹೀಗೇ ಮಾತಾಡಿಸ್ತೀರಾ?"

ಐಲಿಗೆ ಗಡಿಯಾಚೆ ಸ್ವೀಡನ್ನಿನ ಗಣಿಯಲ್ಲಿ ಒಬ್ಬ ಚಿಕ್ಕಪ್ಪ ಇದ್ದಾನೆಂಬುದಷ್ಟೇ ಗೊತ್ತಿತ್ತು. ಒಂದು ದೋಣಿಯ ವಿಷಯಕ್ಕೆ ಅಣ್ಣತಮ್ಮಂದಿರು ಯೌವನದಲ್ಲೇ ಮಾತು ಬಿಟ್ಟಿದ್ದರು. ಆಮೇಲೆ ಅವನ ಹೆಸರು ಮನೆಯಲ್ಲಿ ಎತ್ತುವಂತಿರಲಿಲ್ಲ. ಕಲೆವಿ, ಸೈಮಿ ಈ ಊರಿಗೆ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಅಣ್ಣ ಸತ್ತ ಸುದ್ದಿ ತಡವಾಗಿ ತಿಳಿದು ಅವನು ಬಸ್ಸು ಹಿಡಿದು ಬಂದಿದ್ದ. ಮನೆ ಬಾಗಿಲು ಬಡಿದರೆ ಯಾರೂ ಇಲ್ಲ. ಗ್ಯಾರೇಜಿಗೆ ಹೋದರೆ ಮೂರು ಜನ ನೆಲ ನೋಡುತ್ತಾ ಕೂತಿದ್ದರು. ಅವರನ್ನು ಆಚೆಗೆಳೆದು, ತಾನೂ ತಲೆ ತಿರುಗಿ ಸೌನಾದ ಹಿಂದೆ ವಾಂತಿ ಮಾಡಿಕೊಂಡು, ಚಳಿ ತಡೆಯಲಾರದೆ ಒಲೆ ಹಚ್ಚಿದ್ದ.

"ನೀವೆಲ್ಲ ಕಾರು ಹತ್ತಿ ಹೋಗಿದ್ದು ಕಿಟಕೀಲಿ ಕಂಡೆ," ಎಂದ. "ನೀನೂ ಬಾ ಅಂತ ಒಬ್ರೂ ಕರೀಲಿಲ್ಲ."

ಎನ್ಸಿಯೊ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಮುದುಕ ಕೈಯೆತ್ತಿ ತಡೆದ. ವಸಂತದಲ್ಲಿ ಮಂಜುಗಡ್ಡೆ ಕರಗುವವರೆಗೆ ತಾನು ಇಲ್ಲೇ ಇರುವುದಾಗಿಯೂ, ಆ ಹೀಟರನ್ನು ನಾಳೆ ಬಿಚ್ಚುವುದಾಗಿಯೂ, ಅಣ್ಣನ ಗೋಡೆಗೆ ಯಾರೂ ಕೈ ಹಚ್ಚಕೂಡದೆಂದೂ ತಿಳಿಸಿದ. ಆಮೇಲೆ ಸೌಟಿನಲ್ಲಿ ನೀರು ಮೊಗೆದು ಕಾದ ಕಲ್ಲಿನ ಮೇಲೆ ಹುಯ್ದ. ಹಬೆ ಭುಸ್ಸೆಂದು ಎದ್ದು ಇಬ್ಬರನ್ನೂ ಮುಚ್ಚಿತು.

"ಊರಲ್ಲಿ ಅವನನ್ನ ಮಹಾ ಸಿಡುಕ ಅಂತಿದ್ರಂತೆ?" ಎಂದು ಹಬೆಯೊಳಗಿಂದ ಮಾತು ಬಂತು.

ಸತ್ತವರ ಬಗ್ಗೆ ಏನು ಹೇಳುವುದೆಂದು ತಿಳಿಯದೆ ಎನ್ಸಿಯೊ, ಸ್ವಲ್ಪ ಹಾಗೆಯೇ, ಎಂದ.

"ಏನ್ ಜನಾನೋ," ಎಂದ ಯಾಲ್ಮರಿ. "ನಮ್ಮಿಬ್ರಲ್ಲಿ ಸಾಧು ಅವನೇ."