ಅಕ್ಕ ಹಾಸಿದ ಟವಲ್

ಜಾಗ ಹಿಡಿಯುವುದರಲ್ಲಿ ನಮ್ಮಕ್ಕನನ್ನು ಮೀರಿಸುವವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ! ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಅವಳ ಕೆಂಪು ಟವಲ್ ಬಿದ್ದಿರುತ್ತದೆ. ಮದುವೆ ಊಟದ ಪಂಕ್ತಿಯಲ್ಲೂ ಅದೇ ಟವಲ್.

ನಿಟ್ಟುವಳ್ಳಿಯಲ್ಲಿ ಅವಳದು ಮಿರ್ಚಿ ಗಾಡಿ, ಪಕ್ಕದಲ್ಲೇ ನನ್ನ ಪಂಕ್ಚರ್ ಅಂಗಡಿ. ಇಬ್ಬರೂ ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವರು. ನನ್ನ ಮಗಳು ಓದುವ ಸರ್ಕಾರಿ ಶಾಲೆಯಲ್ಲೇ ದೊಡ್ಡವರಿಗೆ ಹತ್ತನೇ ಕ್ಲಾಸಿನ ಸಂಜೆಪಾಠ ಶುರುವಾದದ್ದೇ ತಡ, ಅಕ್ಕ ಮೊದಲ ಬೆಂಚಿನಲ್ಲಿ ಕೂತು ಪಕ್ಕಕ್ಕೆ ಟವಲ್ ಹಾಸಿದಳು. ನನಗಾಗಿ!

ಮೇಷ್ಟ್ರ ಹತ್ತಿರವೂ ಸಂತೆಯ ಚೌಕಾಸಿಯೇ.

"ಐದು ಲೆಕ್ಕ ಜಾಸ್ತಿ ಆತ್ರಿ. ಮೂರಕ್ಕೆ ಮುಗಿಸ್ರಿ."

"ನಾಲ್ಕು. ಅದಕ್ಕಿಂತ ಇಳಿಯಲ್ಲಮ್ಮ," ಎಂದರು, ಪಾಪ, ಮೇಷ್ಟ್ರು!

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಜನ ಕಡಿಮೆಯಾಗುತ್ತಾ ಬಂತು. ತಪಾಸಣೆಯ ದಿನ ಹದಿನೈದು ಜನಕ್ಕೆ ಒಬ್ಬರು ಕಮ್ಮಿಯಾದರೂ ಕ್ಲಾಸು ಬಂದ್ ಎಂದರು ಮೇಷ್ಟ್ರು. ಆ ಸಂಜೆ "ಇವತ್ತೊಂದಿನ ತಪ್ಪಿಸ್ಬ್ಯಾಡೋ," ಎಂದು ಹೇಳಿಯೇ ಅಕ್ಕ ಹೋದಳು.

ನಾನೂ ಹೊರಟಿದ್ದೆ. ಅಷ್ಟರಲ್ಲಿ ಗಿರಾಕಿಯೊಬ್ಬ, "ಏನಣ್ಣ, ಮಗಳು ಕೂತ ಬೆಂಚಿನಾಗೇ ಕೂಡ್ತೀಯಂತೆ? ಟಿಫನ್ ಬಾಕ್ಸ್ ಯಾರು ಕಟ್ತಾರೆ?" ಎಂದ. ಎಲ್ಲರೂ ನಕ್ಕರು. ಗಾಳಿ ಹೋದ ಟ್ಯೂಬಿನಂತಾದೆ. ಇಲ್ಲದ ಪಂಕ್ಚರ್ ಹುಡುಕುತ್ತಾ ಅಲ್ಲೇ ಕೂತೆ.

ಶಾಲೆಯಲ್ಲಿ ಅಕ್ಕ ತಪಾಸಣೆಗೆ ಬಂದ ಸಾಹೇಬರಿಗೆ ಖಾಲಿ ಬೆಂಚು ತೋರಿಸಿ, "ನನ್ ತಮ್ಮ ಅದಾನ್ರಿ. ನೋಡ್ರಿ, ಟವಲ್ ಐತಲ್ಲ!" ಎಂದಳಂತೆ.

"ಟವಲ್ಲಿಗೆ ಹಾಜರಿ ಹಾಕೋಕೆ ಬರಲ್ಲಮ್ಮ."

ಒಬ್ಬನೇ ಕಮ್ಮಿ. ಕ್ಲಾಸು ಮುಚ್ಚಿತು. ಅಕ್ಕ ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು! ಮರುದಿನವೂ ಎಂದಿನಂತೆ ಬಿಸಿ ಮಿರ್ಚಿ ತಂದಿಟ್ಟಳು.

ಈಗ ಗಾಡಿ ಬೇಗ ಮುಚ್ಚಿ ಹರಿಹರಕ್ಕೆ ಬಸ್ಸು ಹತ್ತುತ್ತಾಳೆ. ಅಲ್ಲಿ ಇನ್ನೂ ಸಂಜೆಪಾಠವಿದೆ. "ನೀನೂ ಬಾ" ಎಂದು ಒಮ್ಮೆಯೂ ಕರೆಯಲಿಲ್ಲ. ಯಾವ ಬಾಯಿಂದ ನಾನೇ ಕೇಳಲಿ?

ಮೊನ್ನೆ ಕನ್ನಡಕ ಮರೆತು ಹೋಗಿದ್ದಳು. ಕೊಟ್ಟು ಬರೋಣವೆಂದು ಮುಂದಿನ ಬಸ್ಸಿಗೆ ಹರಿಹರಕ್ಕೆ ಹೋದೆ. ಕ್ಲಾಸಿನ ಬಾಗಿಲಲ್ಲಿ ನಿಂತಾಗ ಹೆಂಗಸೊಬ್ಬಳು ಅಕ್ಕನ ಪಕ್ಕ ಕೂರಲು ಬಂದಳು.

"ಅಲ್ಲಿ ಬ್ಯಾಡ್ರಿ. ನನ್ ತಮ್ಮ ಬರ್ತಾನೆ."

"ದಿನಾ ಇದನ್ನೇ ಹೇಳ್ತೀಯವ್ವ!"

ಬೆಂಚಿನ ಮೇಲೆ ಕೆಂಪು ಟವಲ್ ಇತ್ತು.

ನಾನು ಒಳಗೆ ಹೋಗಿ ಕನ್ನಡಕ ಚಾಚಿದೆ. ಅಕ್ಕ ಅದನ್ನು ಹಾಕಿಕೊಂಡು ನನ್ನನ್ನು ನೋಡಿದಳು. ಟವಲ್ ಎತ್ತಿ ಮಡಿಲಿಗಿಟ್ಟುಕೊಂಡಳು.

"ಬೇಗ ಬಸ್ ಸಿಗ್ಲಿಲ್ಲೇನೋ? ಕೂಡು."